ಮುಂದಿನ ಸೀಟಿನ ನೀರು

ಗುಳು, ಗುಳು, ಗುಳು. ಒಂದಿಷ್ಟು ಹೊತ್ತು ಸುಮ್ಮನೆ. ಮತ್ತೆ ಗುಳು. ಹಳದೀಪುರ ದಾಟಿ ಏರು ಹತ್ತುವಾಗ ಅಪ್ಪಯ್ಯನ ಕಾರಿನ ಡ್ಯಾಶ್‌ಬೋರ್ಡಿನ ಹಿಂದಿನಿಂದ ಆ ಸದ್ದು ಬರುತ್ತಿತ್ತು, ಯಾರೋ ಸಣ್ಣ ಬಾಯಿಯ ಹೂಜಿಯಿಂದ ನೀರು ಬಗ್ಗಿಸಿದ ಹಾಗೆ. ಹಿಂದಿನ ಸೀಟಿನಲ್ಲಿ ಅಣ್ಣ ಮೊಣಕೈಯಿಂದ ನನ್ನನ್ನು ತಿವಿದು, ಎಲ್ಲರಿಗೂ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳುತ್ತಿದ್ದ: "ಕೇಳೇ, ಅತ್ತೆ ಹೊಟ್ಟೆ ಮಾತಾಡ್ತಾ ಇದ್ದು."

ನಾನು ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಆಯಿ, ಎಂದರೆ ನಮ್ಮ ತಾಯಿ, ನಮ್ಮನ್ನು ಗದರುವ ಹಾಗೆ ನೋಡಿ ತಾನೂ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಅತ್ತೆ, ಅಪ್ಪಯ್ಯನ ತಂಗಿ, ಮುಂದಿನ ಸೀಟಿನಲ್ಲಿ ಬಾಗಿಲಿಗೆ ಅಂಟಿ ಕೂತಿರುತ್ತಿದ್ದಳು. ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗು. ಅವಳ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಆ ಬೆನ್ನಿನಿಂದ ಹೇಳಲು ಬರುತ್ತಿರಲಿಲ್ಲ.

ಐವತ್ತರ ದಶಕದ ಕೊನೆಯ ಮಾತಿದು. ಅಪ್ಪಯ್ಯ ಕುಮಟೆಯಲ್ಲಿ ವಕೀಲ. ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಆ ಕಾರನ್ನು ಕೊಂಡಿದ್ದ. ಚಳಿ ದೇಶಕ್ಕೆಂದೇ ಮಾಡಿದ ಕಾರಾದ್ದರಿಂದ ಅದಕ್ಕೊಂದು ಹೀಟರ್ ಇತ್ತು. ನಮ್ಮೂರ ಬೆವರಿನಲ್ಲಿ ಹೀಟರ್ ಯಾರಿಗೆ ಬೇಕು? ಆದರೆ ಮನೆಗೆ ಬಂದವರಿಗೆಲ್ಲ ಅಪ್ಪಯ್ಯ ಅದರ ಗುಂಡಿಯನ್ನು ತೋರಿಸುತ್ತಿದ್ದ. "ಇದು ಹೀಟರ್. ಮುಟ್ಟಡಿ, ಹಾಳಾಗ್ತು." ಅಷ್ಟೇ ಅದರ ಉಪಯೋಗ. ಇಟ್ ವಾಸ್ ದೇರ್ ಟು ಬಿ ಪಾಯಿಂಟೆಡ್ ಅಟ್.

ತಿಂಗಳ ಎರಡನೆಯ ಶನಿವಾರ ಅಪ್ಪಯ್ಯ ಭಟ್ಕಳಕ್ಕೆ ಹೋಗುತ್ತಿದ್ದ. ಅಲ್ಲಿನ ನಾಟಾ ವ್ಯಾಪಾರಿಯೊಬ್ಬರು ಅವನ ದೊಡ್ಡ ಕಕ್ಷಿದಾರ. ನಾನು ಹೊನ್ನಾವರದ ಕಾನ್ವೆಂಟ್ ಹಾಸ್ಟೆಲಿನಿಂದ ಶುಕ್ರವಾರ ಸಂಜೆ ಮನೆಗೆ ಬಂದಿರುತ್ತಿದ್ದೆ, ಮರುದಿನ ಕಾರಿನ ಸವಾರಿ ತಪ್ಪಬಾರದೆಂದು. ಆದರೆ ಆ ಸವಾರಿ ನಿಜಕ್ಕೂ ಬೇಕಾಗಿದ್ದದ್ದು ಅತ್ತೆಗೆ. ದಾರಿಯಲ್ಲಿ ಮಾವಳ್ಳಿ ಬರುತ್ತಿತ್ತು. ಮಾವಳ್ಳಿಯಲ್ಲಿ ಅವಳ ಮಗಳಿದ್ದಳು.

ಗಂಡ ತೀರಿಕೊಂಡಾಗ ಅತ್ತೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಗಂಡನ ಮನೆಯವರು ಕೂಸನ್ನು ಇಟ್ಟುಕೊಂಡು ಇವಳನ್ನು ತವರಿಗೆ ಕಳಿಸಿದರು. ಕೂಸು ಮನೆತನದ್ದು, ಇವಳು ಯಾರದ್ದೂ ಅಲ್ಲ. ಎಷ್ಟೋ ವರ್ಷ ಮಗಳ ಮುಖ ಕಾಣಲು ಬಿಟ್ಟಿರಲಿಲ್ಲ. ಕಾರು ಬಂದ ಮೇಲೆ ಬಿಟ್ಟರು. ವಕೀಲರ ಕಾರು ತಮ್ಮ ಅಂಗಳದಲ್ಲಿ ನಿಲ್ಲುವುದು ಅವರಿಗೂ ಚಲೋ ಕಾಣುತ್ತಿತ್ತು. ಅಪ್ಪಯ್ಯ ಜಗಲಿಯಲ್ಲಿ ಚಹಾ ಕುಡಿಯುವ ಅರ್ಧ ಗಂಟೆ, ಅಷ್ಟೇ. ಆ ಅರ್ಧ ಗಂಟೆಯಲ್ಲಿ ಅತ್ತೆ ಮಗಳನ್ನು ಹಿಂಬದಿಯ ಮೆಟ್ಟಿಲ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಹೂವನ್ನು ಅವಳು ಮುಟ್ಟುವಂತಿರಲಿಲ್ಲ, ಮಗಳೇ ಮುಡಿದುಕೊಳ್ಳುತ್ತಿದ್ದಳು. ಊಟದ ಹೊತ್ತಿಗೆ ಮೊದಲೇ ಹೊರಡಬೇಕೆಂದು ಅತ್ತೆಯ ಅತ್ತೆಯ, ಎಂದರೆ ಅವಳ ಗಂಡನ ತಾಯಿಯ, ಕಟ್ಟಪ್ಪಣೆ. ಆಮೇಲೆ ಭಟ್ಕಳದಲ್ಲಿ ನಾವು ಕಕ್ಷಿದಾರರ ಮನೆಯ ಎಳನೀರು ಕುಡಿಯುತ್ತಿದ್ದರೆ ಅವಳು ಮರದಡಿ ನಿಲ್ಲಿಸಿದ ಕಾರಿನಲ್ಲೇ ಕೂತಿರುತ್ತಿದ್ದಳು, ಸಂಜೆ ಕುಮಟೆಗೆ ಮರಳಿ ಸ್ನಾನ ಮಾಡುವ ತನಕ ಉಪವಾಸ. ಬಸ್ಸಿನಲ್ಲಿ ಹೋಗುವ ಮಾತೇ ಇರಲಿಲ್ಲ. ಮಡಿಹೆಂಗಸು, ಹತ್ತು ಜನರ ಮೈ ತಾಗಿಸಿಕೊಂಡು, ಒಬ್ಬಳೇ? ಹೋದರೂ ಮಾವಳ್ಳಿಯವರು ಬಾಗಿಲು ತೆಗೆಯುತ್ತಿರಲಿಲ್ಲ.

ಅವಳಿಗೆ ಮುಂದಿನ ಸೀಟು ಸಿಕ್ಕಿದ್ದು ಗೌರವಕ್ಕಲ್ಲ. ಹಿಂದೆ ಕೂತರೆ ಬಿಸ್ಕಿಟು ತಿನ್ನುವ ನಮ್ಮ ಕೈ ತಾಗುತ್ತದೆಂದು. ಅಪ್ಪಯ್ಯನಿಗೂ ಅವಳಿಗೂ ನಡುವೆ ಒಂದು ತಾಮ್ರದ ತಂಬಿಗೆ, ಬಾಯಿಗೆ ಬಾಳೆಲೆ ಕಟ್ಟಿದ್ದು. ಮನೆಯ ಬಾವಿಯದಲ್ಲದೆ ಬೇರೆ ನೀರು ಅವಳಿಗೆ ಸಲ್ಲುತ್ತಿರಲಿಲ್ಲ.

ಒಂದು ಶನಿವಾರ ಮಾವಳ್ಳಿಯ ಅಂಗಳದಲ್ಲಿ ಅತ್ತೆ ಇಳಿದಾಗ ಅವಳ ಸೀರೆಯ ಅಂಚು ಒದ್ದೆಯಾಗಿತ್ತು. ಕಾಲ ಕೆಳಗಿನ ಕಾರ್ಪೆಟ್ಟೂ ಒದ್ದೆ. ಅವಳ ಅತ್ತೆ ಜಗಲಿಯಿಂದಲೇ ನೋಡಿದರು.

"ತಂಗಿ, ತಂಬಿಗೆ ಸರಿ ಹಿಡ್ಕಂಬಲೆ ಆಗ್ತಿಲ್ಯಾ?" ಎಂದ ಅಪ್ಪಯ್ಯ.

"ನಾ ಚೆಲ್ಲಿದ್ನಿಲ್ಲೆ ಅಣ್ಣ. ತುಂಬಿದಷ್ಟೇ ಇದ್ದು, ನೋಡು."

ಯಾರೂ ನೋಡಲಿಲ್ಲ. ಮುಂದಿನ ತಿಂಗಳು ತಂಬಿಗೆ ತರಬಾರದೆಂದಾಯಿತು. ತಂಬಿಗೆ ಇಲ್ಲದೆ ಹೋದೆವು. ಹೊನ್ನಾವರದಲ್ಲಿ ಎರಡು ದೋಣಿ ಸೇರಿಸಿ ಹಲಗೆ ಹೊಡೆದ ಜಂಗಲಿನ ಮೇಲೆ ಕಾರು ಹತ್ತಿಸಿ ಶರಾವತಿ ದಾಟಿ, ಮಾವಳ್ಳಿಯಲ್ಲಿ ಬಾಗಿಲು ತೆರೆದರೆ ಕಾರ್ಪೆಟ್ಟು ಮತ್ತೆ ಒದ್ದೆ. ಈಗ ವಾಸನೆಯೂ ಇತ್ತು.

ಇದರ ಅರ್ಥವೇನೆಂದು ಯಾರೂ ಬಾಯಿ ಬಿಟ್ಟು ಹೇಳಬೇಕಿರಲಿಲ್ಲ. ಆದರೂ ಆಯಿ ಹೇಳಿದಳು. "ವಯಸ್ಸೇನು ಅಷ್ಟಾಜಿಲ್ಲೆ. ಆದ್ರೂ ಕೆಲವರಿಗೆ ಹಾಂಗಾಗ್ತು. ಹೊರಡುಕ್ಕಿಂತ ಮೊದ್ಲು ಹಿತ್ಲಿಗೆ ಹೋಗಿ ಬಂದ್ಬಿಡು, ಅಲ್ದಾ?"

ಅತ್ತೆ ಕೆಂಪಾದಳು. "ಅತ್ತಿಗೆ, ನಂಗೆ ಅಂಥದ್ದು ಎಂತೂ ಇಲ್ಲೆ. ಕಾಲಿಗೆ ಬಿಸಿ ಬಿಸಿ ಆಗ್ತು, ಎಲ್ಲಿಂದ ಹೇಳಿ ಗೊತ್ತಾಗ್ತಿಲ್ಲೆ."

"ಬಿಸಿ ಅಡ," ಎಂದು ಅಣಕಿಸಿದ ಅಣ್ಣ. "ಬಿಸಿ ಇರದೇ ತಣ್ಣಗಿರ್ತ ಅದು?"

ಅಪ್ಪಯ್ಯ ಸಹ ನಕ್ಕ. ಅಣ್ಣನ ಚುರುಕು ಬುದ್ಧಿಯ ಬಗ್ಗೆ ಅವನಿಗೆ ಬಹಳ ಅಭಿಮಾನವಿತ್ತು.

ಆಮೇಲೆ ಅತ್ತೆ ಶುಕ್ರವಾರ ಮಧ್ಯಾಹ್ನದಿಂದಲೇ ನೀರು ಬಿಟ್ಟಳು. ಒಂದು ಹನಿಯೂ ಇಲ್ಲ. ಶನಿವಾರ ಮಾವಳ್ಳಿಗೆ ಮುಟ್ಟುವಾಗ ತುಟಿ ಬಿಳಿಚಿ, ಮಗಳ ಹತ್ತಿರ ಮಾತಾಡಲು ನಾಲಗೆ ಏಳುತ್ತಿರಲಿಲ್ಲ. ಕಾರ್ಪೆಟ್ಟು ಒದ್ದೆಯೇ. ಮುಂದಿನ ಗಾಜಿಗೆ ಎಡಗಡೆ ಮಾತ್ರ ಒಳಗಿನಿಂದ ಮಂಜು ಹಿಡಿಯುತ್ತಿತ್ತು. ಅದೂ ಅವಳದ್ದೇ ಎಂದಾಯಿತು, ಜಪ ಮಾಡುತ್ತ ಉಸಿರು ಬಿಡುತ್ತಾಳಲ್ಲ. ಸದ್ದು ಅವಳ ಹೊಟ್ಟೆ. ಮಂಜು ಅವಳ ಬಾಯಿ. ನೀರು ಎಲ್ಲಿಯದೆಂದು ಹೇಳಿಯಾಗಿತ್ತು. ಕಾರಿನ ಒಂದೊಂದು ಕಾಯಿಲೆಯನ್ನೂ ನಾವು ಅವಳ ಮೈಗೆ ಹಚ್ಚಿದೆವು. ಕಾರಿಗೆ ಏನಾದರೂ ಆಗಿರಬಹುದೆಂದು ಯಾರಿಗೂ ಅನ್ನಿಸಲಿಲ್ಲ. ವಿಲಾಯಿತಿ ಕಾರು ಅದು.

ಈಗ ನನ್ನ ಪಾಲಿನದ್ದು ಬರೆಯಬೇಕು. ಆ ವರ್ಷ ಕಾನ್ವೆಂಟಿನಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ನಮಗೊಂದು ಕೆಲಸ ಕೊಟ್ಟಿದ್ದರು: ಮನೆಯಲ್ಲಿ ಏನನ್ನಾದರೂ ಗಮನಿಸಿ, ಅಬ್ಸರ್ವೇಶನ್, ಇನ್‌ಫರೆನ್ಸ್, ಕನ್‌ಕ್ಲೂಶನ್ ಎಂದು ಬರೆದುಕೊಂಡು ಬರಬೇಕು. ಬೇರೆ ಹುಡುಗಿಯರು ಹೆಸರುಕಾಳು ನೆನೆಸಿದರು. ನಾನು ಅತ್ತೆಯನ್ನು ಆರಿಸಿಕೊಂಡೆ.

ಮುಂದಿನ ಸೀಟಿನ ಕೆಳಗೆ ದಿನಾ ಹಳೆಯ ಪೇಪರು ಹಾಸುವುದು, ಕಾರು ಹಿಂದಿರುಗಿದ ಮೇಲೆ ತೆಗೆದು ನೋಡುವುದು. ನಾನು ಹಾಸ್ಟೆಲಿನಲ್ಲಿದ್ದ ದಿನಗಳಲ್ಲಿ ಅಣ್ಣ ಹಾಸಿ, ನೋಡಿ, ಬರೆದಿಟ್ಟ. ಅಪ್ಪಯ್ಯ ಕೋರ್ಟಿಗೆ ಹೋದ ದಿನ: ಡ್ರೈ. ಹಳದೀಪುರಕ್ಕೆ ಹೋಗಿ ಬಂದ ದಿನ: ಡ್ರೈ. ಆಯಿ ಕುಮಟೆಯ ಪೇಟೆಗೆ ಹೋದ ದಿನ: ಡ್ರೈ. ಎರಡನೆಯ ಶನಿವಾರ, ಅತ್ತೆ ಇದ್ದಾಳೆ: ವೆಟ್. ಮುಂದಿನ ತಿಂಗಳೂ ಹಾಗೇ. ನಾನು ಸ್ಕೇಲ್ ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಟೇಬಲ್ ಮಾಡಿದೆ. ಅತ್ತೆಯ ಹೆಸರು ಹಾಕುವುದು ಮರ್ಯಾದೆಯಲ್ಲವೆಂದು 'ಪ್ಯಾಸೆಂಜರ್ ಎ' ಎಂದು ಬರೆದೆ. ಕನ್‌ಕ್ಲೂಶನ್: ದ ಫ್ಲೋರ್ ಈಸ್ ವೆಟ್ ಓನ್ಲಿ ವೆನ್ ಪ್ಯಾಸೆಂಜರ್ ಎ ಈಸ್ ಪ್ರೆಸೆಂಟ್. ಸಿಸ್ಟರ್ ಕೆಳಗೆ 'ವೆರಿ ನೀಟ್, ಗುಡ್ ರೀಸನಿಂಗ್' ಎಂದು ಬರೆದರು. ನಾನು ಅದನ್ನು ಮನೆಗೆ ತಂದು ಅಪ್ಪಯ್ಯನಿಗೆ ಓದಿ ಹೇಳಿದೆ, ಅತ್ತೆ ಬಾಗಿಲಾಚೆ ನಿಂತಿರುವಾಗಲೇ. ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲ. ಅಪ್ಪಯ್ಯ ಕನ್ನಡದಲ್ಲಿ ಹೇಳಿದ.

"ತಂಗಿ, ಇನ್ನು ನಿನ್ನ ಕರ್ಕಂಡು ಹೋಪಲೆ ಆಗ್ತಿಲ್ಲೆ. ಕೂಸು ಸೈನ್ಸ್ ಪ್ರಕಾರ ನೋಡಿದ್ದು."

ಅವಳು ನನ್ನ ಕಡೆ ನೋಡಿದಳು. ಸಿಟ್ಟು ಇರಲಿಲ್ಲ. ಡಾಕ್ಟರರನ್ನು ಕೇಳುವ ಹಾಗೆ ಕೇಳಿದಳು. "ಖರೇನೇ ಕೂಸೆ? ನಂಗೆ ಗೊತ್ತಾಗ್ದೇ ಆಗ್ತನೇ ಅದು?"

"ಹೌದು ಅತ್ತೆ," ಎಂದೆ. ನನಗೆ ಹನ್ನೆರಡು ವರ್ಷ.

ಮುಂದಿನ ಎರಡನೆಯ ಶನಿವಾರ ಅಣ್ಣನಿಗೆ ಪರೀಕ್ಷೆ, ಆಯಿ ಮುಟ್ಟಾಗಿ ಹೊರಗೆ ಕೂತಿದ್ದಳು. ಅಪ್ಪಯ್ಯ ಮತ್ತು ನಾನು ಇಬ್ಬರೇ ಹೊರಟೆವು. ಮುಂದಿನ ಸೀಟು ನನ್ನದಾಯಿತು. ಐ ವಾಸ್ ಸೋ ಪ್ರೌಡ್. ಬಿಳಿ ಕ್ಯಾನ್ವಾಸ್ ಶೂ, ಬಿಳಿ ಸಾಕ್ಸ್ ಹಾಕಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಮೇಡಮ್ಮಿನ ಹಾಗೆ ಕೂತೆ. ಮಾವಳ್ಳಿಯಲ್ಲಿ ಕಾರಿನ ಸದ್ದಿಗೆ ಅತ್ತೆಯ ಮಗಳು ಬಾಚಣಿಗೆ ಹಿಡಿದು ಓಡಿ ಬಂದಳು, ನನ್ನನ್ನು ಕಂಡು ಅಂಗಳದ ನಡುವೆ ನಿಂತಳು. ನನಗಿಂತ ಎರಡು ವರ್ಷ ಚಿಕ್ಕವಳು. ಕೂದಲು ಬಿಚ್ಚಿಕೊಂಡೇ ಇತ್ತು.

ಅಪ್ಪಯ್ಯ ಜಗಲಿಯಲ್ಲಿ ಚಹಾ ಕುಡಿಯುತ್ತ ಅತ್ತೆಯ ಅತ್ತೆಗೆ ವಿಷಯ ತಿಳಿಸಿದ. ಮೆಲ್ಲಗೇ ಹೇಳಿದ, ಆದರೆ ಕೋರ್ಟಿನಲ್ಲಿ ಮಾತಾಡಿ ಅಭ್ಯಾಸವಾದ ದನಿ. ಅಂಗಳಕ್ಕೆಲ್ಲ ಕೇಳಿತು.

"ಹಾಂಗಾದ್ರೆ ಕರ್ಕಂಡು ಬಪ್ಪದೇ ಬ್ಯಾಡ," ಎಂದರು ಆ ಮುದುಕಿ. "ನಮ್ಮನೆ ಕೂಸನ್ನ ನಾಳೆ ಒಂದು ಮನೆಗೆ ಕೊಡವು. ತಾಯಿಗೆ ಹೀಂಗಿದ್ದು ಹೇಳಿ ನಾಕು ಜನ ಆಡ್ಕಂಡ್ರೆ ಚಲೋ ಅಲ್ಲ. ಆತು, ಅಲ್ಲಿಗೆ ಮುಗತ್ತು."

ಮಗಳು ಬಾಚಣಿಗೆಯ ಹಲ್ಲುಗಳನ್ನು ಉಗುರಿನಿಂದ ಎಳೆಯುತ್ತಿದ್ದಳು. ನಾವು ಹೊರಟೆವು.

ಶಿರಾಲಿಯ ಹತ್ತಿರ ನೀರು ಶೂ ದಾಟಿ ನನ್ನ ಎಡಗಾಲು ಬೆಚ್ಚಗಾಯಿತು, ಅಲ್ಲಿಯವರೆಗೆ ನಾನು ಕೆಳಗೆ ನೋಡಿರಲೇ ಇಲ್ಲ. ಬಗ್ಗಿ ನೋಡಿದರೆ ಬಿಳಿ ಶೂ ಕಂದು ಬಣ್ಣಕ್ಕೆ ತಿರುಗಿತ್ತು. ಡ್ಯಾಶ್‌ಬೋರ್ಡಿನ ಕೆಳಗಿನ ಅಂಚಿನಲ್ಲಿ ಒಂದು ಹನಿ ಕೂಡಿಕೊಂಡಿತು, ದಪ್ಪವಾಯಿತು, ಬಿತ್ತು. ಇನ್ನೊಂದು. ಮುಂದೆ ಗಾಜಿನ ಮೇಲೆ ನನ್ನ ಕಡೆ ಮಂಜು ಹಬ್ಬುತ್ತಿತ್ತು. ನಾನು ಯಾವ ಜಪವನ್ನೂ ಮಾಡುತ್ತಿರಲಿಲ್ಲ.

ಅಪ್ಪಯ್ಯ ಕಾರು ನಿಲ್ಲಿಸಿದ. ಒದ್ದೆ ಕಾರ್ಪೆಟ್ಟನ್ನೂ ನನ್ನ ಮುಖವನ್ನೂ ನೋಡಿದ.

"ನಾನಲ್ಲ ಅಪ್ಪಯ್ಯ," ಎಂದೆ.

"ನೀನಲ್ಲ, ಗೊತ್ತಿದ್ದು," ಎಂದ. ತಕ್ಷಣ ಹೇಳಿದ. ನನ್ನ ಮಾತು ಒಂದೇ ಸಲಕ್ಕೆ ಸಾಕಾಯಿತು. ಅತ್ತೆ ಇದೇ ಮಾತನ್ನು ಐದು ತಿಂಗಳು ಹೇಳಿದ್ದಳು.

ಭಟ್ಕಳದಲ್ಲಿ ಕಕ್ಷಿದಾರರ ಮನೆಗೆ ಹೋಗುವ ಮೊದಲು ಒಬ್ಬ ಮೇಸ್ತ್ರಿಯ ಬಳಿ ಹೋದೆವು. ಕೊಲಂಬೋದ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಊರಿಗೆ ಮರಳಿದ್ದ ಸಾಹೇಬರು. ಬಿಳಿ ಗಡ್ಡ, ಮಡಚಿ ಕಟ್ಟಿದ ಲುಂಗಿ. ಕಾರ್ಪೆಟ್ಟಿಗೆ ಬೆರಳೊತ್ತಿ ಮೂಗಿಗೆ ಹಿಡಿದರು. "ತುಕ್ಕು," ಎಂದರು. ಅಷ್ಟು ಸುಲಭವಾಗಿತ್ತು ಅದು. ಐದು ತಿಂಗಳಿನಲ್ಲಿ ನಮ್ಮ ಪೈಕಿ ಒಬ್ಬರಾದರೂ ಆ ಬೆರಳನ್ನು ಮೂಗಿಗೆ ಹಿಡಿದಿರಲಿಲ್ಲ. ಹೇಗೆ ಹಿಡಿಯುವುದು, ಏನೆಂದು ಮೊದಲೇ ನಿರ್ಧರಿಸಿದ್ದೆವಲ್ಲ.

"ವಕೀಲ್ರೇ, ರೇಡಿಯೇಟರ್‌ಗೆ ಎಷ್ಟು ನೀರು ಹಾಕ್ತೀರಿ?"

"ಭಟ್ಕಳಕ್ಕೆ ಬರುವಾಗೆಲ್ಲ ಹೊನ್ನಾವರದ ಜಂಗಲ್ ಹತ್ತಿರ ಒಂದು ಕೊಡ."

"ಆ ಒಂದು ಕೊಡ ಎಲ್ಲಿ ಹೋಗ್ತದೆ ಅಂತ ತಿಳ್ಕೊಂಡಿದ್ರಿ?"

ಅಪ್ಪಯ್ಯನನ್ನು ಆ ರೀತಿ ಪಾಟೀಸವಾಲು ಮಾಡಿದವರನ್ನು ನಾನು ಅದೇ ಮೊದಲು ನೋಡಿದ್ದು.

ಸಾಹೇಬರು ಬಾನೆಟ್ ಎತ್ತಿ, ಇಂಜಿನ್ನಿನಿಂದ ಕಾರಿನ ಒಳಕ್ಕೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಮುಟ್ಟಿದರು. ನನ್ನನ್ನೂ ಕರೆದು ಮುಟ್ಟಿಸಿದರು. ಎರಡೂ ಸುಡುತ್ತಿದ್ದವು. ಹೀಟರ್ ಬಂದ್ ಇದ್ದರೆ ಒಂದಾದರೂ ತಣ್ಣಗಿರಬೇಕು ಎಂದರು. ಗುಂಡಿ ಬಂದ್ ಎಂದು ತೋರಿಸುತ್ತದೆ, ಆದರೆ ಒಳಗಿನ ನಲ್ಲಿ ಕಿಲುಬು ಹಿಡಿದು ತೆರೆದೇ ನಿಂತಿದೆ. ಡ್ಯಾಶ್‌ಬೋರ್ಡಿನ ಹಿಂದೆ ಇನ್ನೊಂದು ಪುಟ್ಟ ರೇಡಿಯೇಟರ್ ಇದೆ, ಬಿಸಿನೀರು ಅದರಲ್ಲಿ ಹರಿದೇ ಗಾಳಿ ಕಾಯುವುದು, ಅದಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದಿದೆ. ಗಾಳಿ ಸೇರಿದರೆ ಗುಳುಗುಳು. ಹಬೆ ಬಂದರೆ ಗಾಜಿಗೆ ಮಂಜು. ಇಂಜಿನ್ ಚೆನ್ನಾಗಿ ಕಾದು ನೀರಿಗೆ ಒತ್ತಡ ಬಂದ ಮೇಲೇ ಅದು ಸೋರುವುದು.

"ಸಣ್ಣ ದಾರಿಗೆ ಸೋರೂದಿಲ್ಲ. ಉದ್ದ ದಾರಿಗೆ ಸೋರ್ತದೆ."

ಕೋರ್ಟು, ಹಳದೀಪುರ, ಪೇಟೆ: ಸಣ್ಣ ದಾರಿ. ಭಟ್ಕಳ: ಉದ್ದ ದಾರಿ. ಅತ್ತೆ ಬರುತ್ತಿದ್ದುದು ಉದ್ದ ದಾರಿಗೆ ಮಾತ್ರ. ಕೆಂಪು ಶಾಯಿಯ ನನ್ನ ಟೇಬಲ್ಲಿನಲ್ಲಿ ಎಷ್ಟು ಮೈಲಿ ಎಂಬುದಕ್ಕೆ ಒಂದು ಕಾಲಂ ಇರಲಿಲ್ಲ.

"ಈ ಸೀಟಲ್ಲಿ ಯಾರು ಕೂರೂದು?" ಎಂದು ಸಾಹೇಬರು ಕೇಳಿದರು. "ಕಾಲು ಸುಟ್ಟಿರಬೇಕಲ್ಲ ಅವರದ್ದು."

"ಯಾರೂ ಇಲ್ಲ," ಎಂದ ಅಪ್ಪಯ್ಯ.

ಎರಡೂ ಪೈಪುಗಳನ್ನು ಕಳಚಿ, ಒಂದರ ಬಾಯಿಗೆ ಇನ್ನೊಂದನ್ನು ಜೋಡಿಸಿ, ಹೀಟರಿಗೆ ನೀರೇ ಹೋಗದಂತೆ ಬಿಗಿದರು. ಅರ್ಧ ಗಂಟೆಯ ಕೆಲಸ. ಈಗ ನನ್ನ ಸೊಸೆಯ ಎಸಿ ಕಾರಿನಲ್ಲೂ ಒಮ್ಮೊಮ್ಮೆ ಎಡಗಡೆ ಕಾಲ ಬುಡ ಒದ್ದೆಯಾಗುತ್ತದೆ. ಗಾಬರಿಯಾಗಿ ಸರ್ವೀಸಿಗೆ ಫೋನ್ ಮಾಡಲು ಹೊರಡುತ್ತಾಳೆ. ನಾನು ಮುಟ್ಟಿ ನೋಡು ಎನ್ನುತ್ತೇನೆ. ನೀರು ತಣ್ಣಗೆ, ಸ್ವಚ್ಛ ಇದ್ದರೆ ಎಸಿಯದ್ದು, ಹೊರಗೆ ಹೋಗುವ ಸಣ್ಣ ಕೊಳವೆ ಕಟ್ಟಿರುತ್ತದೆ, ಊದಿಸಿದರೆ ಆಯಿತು. ಬಿಸಿ ಇದ್ದು ಬಣ್ಣ ಇದ್ದರೆ ಹೀಟರಿನದ್ದು. ಅವಳ ಅತ್ತೆಯಾದ ನನಗೆ ಇಷ್ಟೆಲ್ಲ ಎಲ್ಲಿಂದ ಗೊತ್ತು ಎಂದು ಅವಳಿಗೆ ಆಶ್ಚರ್ಯ.

ವಾಪಸು ಬರುವಾಗ ಮಾವಳ್ಳಿಯ ತಿರುವು ಹತ್ತಿರವಾದಂತೆ ನಾನು ನೆಟ್ಟಗೆ ಕೂತೆ. ಅಪ್ಪಯ್ಯ ನಿಲ್ಲಿಸುತ್ತಾನೆ, ಇಳಿದು ಹೋಗಿ ಹೇಳುತ್ತಾನೆ ಎಂದುಕೊಂಡೆ. ಬೆಳಿಗ್ಗೆ ಹೇಳಿದ್ದನ್ನು ಸಂಜೆ ತಿದ್ದಿದರೆ ಮುಗಿಯಿತು. ತಿರುವಿನಲ್ಲಿ ಒಂದು ಎತ್ತಿನ ಗಾಡಿ ಅಡ್ಡ ಇತ್ತು. ಅಪ್ಪಯ್ಯ ಹಾರನ್ ಹೊಡೆದ, ಗಾಡಿ ಸರಿಯಿತು, ನಾವು ದಾಟಿದೆವು.

ಹೊಳೆಯ ನಡುವೆ ಜಂಗಲಿನ ಮೇಲೆ ಬೀಡಿ ಸೇದುವ ದೋಣಿಯವರ ಕಡೆ ಬೆನ್ನು ಮಾಡಿ ನಿಂತು ಅವನು ಹೇಳಿದ: "ಈಗ ಹೋಗಿ ಹೇಳಿದ್ರೆ ವಕೀಲ ಸುಳ್ಳು ಹೇಳಿದ ಹೇಳಿ ಆಗ್ತು. ಇದು ನಮ್ಮಿಬ್ಬರಲ್ಲೇ ಇರ್ಲಿ. ನಿನ್ನ ಸಿಸ್ಟರ್‌ಗೂ ಗೊತ್ತಪ್ಪುದು ಬ್ಯಾಡ ಅಲ್ದಾ?"

ನನಗೆ ಅಯ್ಯೋ ಅನ್ನಿಸಿತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಅನ್ನಿಸಲಿಲ್ಲ. ಅಣ್ಣನಿಗೂ ಗೊತ್ತಿಲ್ಲದ ಒಂದು ಗುಟ್ಟು ಅಪ್ಪಯ್ಯನಿಗೂ ನನಗೂ ನಡುವೆ ಇದೆ ಎಂದು ಖುಷಿಯಾಯಿತು. 'ಗುಡ್ ರೀಸನಿಂಗ್' ಹಾಗೇ ಉಳಿಯಿತು. ಶೂಗಳನ್ನು ಬಾವಿಕಟ್ಟೆಯಲ್ಲಿ ನಾನೇ ತೊಳೆದೆ.

ಮುಂದಿನ ತಿಂಗಳು ಅಣ್ಣ ಬಂದ, ಪೇಪರು ಹಾಸಿದ, ಭಟ್ಕಳಕ್ಕೆ ಹೋಗಿ ಬಂದರೂ ಪೇಪರು ಗರಿಗರಿ ಒಣಗಿತ್ತು. ಅದನ್ನು ಎತ್ತಿ ಅಡುಗೆಮನೆಯ ಬಾಗಿಲಲ್ಲಿ ಆಡಿಸಿದ. "ಅತ್ತೆ, ನೋಡು. ನೀ ಬಂದಿದ್ದಿಲ್ಲೆ, ಹನಿ ನೀರಿಲ್ಲೆ. ಪ್ರೂಫ್."

ಅತ್ತೆ ಆ ಪೇಪರನ್ನು ದೂರದಿಂದಲೇ ಬಹಳ ಹೊತ್ತು ನೋಡಿದಳು. ಅದುವರೆಗೆ ಅವಳು ಅನುಮಾನಿಸುತ್ತಿದ್ದಳು, ಅಂದು ನಂಬಿದಳು. ಚಾಪೆಯ ಮೇಲೆ ಗೋಣಿ ಹಾಸಿಕೊಂಡು ಮಲಗತೊಡಗಿದಳು. ಮಧ್ಯಾಹ್ನ ದಾಟಿದ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಹೆಂಗಸರು ಬಂದು ಕೂತಲ್ಲಿ ತಾನು ಕೂರದೆ ಕಂಬದ ಹತ್ತಿರ ನಿಲ್ಲುತ್ತಿದ್ದಳು, ಕೂತು ಎದ್ದರೆ ಜಾಗವನ್ನು ಸೆರಗಿನಿಂದ ಒರೆಸುತ್ತಿದ್ದಳು. ಆಯಿ ಅದನ್ನು ತೋರಿಸಿ ನೆರೆಮನೆಯ ಕೊಂಕಣಿ ಹೆಂಗಸರ ಹತ್ತಿರ ಅವರ ಭಾಷೆಯಲ್ಲೇ ಮೆಲ್ಲಗೆ ಏನೋ ಹೇಳುತ್ತಿದ್ದಳು. ಎರಡನೆಯ ಶನಿವಾರ ಬೆಳಿಗ್ಗೆ ಕಾರು ಹೊರಡುವಾಗ ಅತ್ತೆ ಹಿತ್ತಿಲಿನಲ್ಲಿ ಏನಾದರೂ ಕೆಲಸ ಹಚ್ಚಿಕೊಂಡಿರುತ್ತಿದ್ದಳು. ನಾನು ಮುಂದೆ ಕೂರುತ್ತಿದ್ದೆ. ಆ ಸೀಟು ಮತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ.

ಆರು ವರ್ಷ ಹಾಗೇ ಹೋಯಿತು. ಆರು ವರ್ಷದಲ್ಲಿ ತಾಯಿ ಮಗಳು ಒಂದು ಸಲವೂ ಭೇಟಿಯಾಗಲಿಲ್ಲ. ನಡುವೆ ಇದ್ದದ್ದು ಒಂದು ಹೊಳೆ ಮತ್ತು ಎರಡು ತಾಸಿನ ದಾರಿ.

ಮಗಳ ಮದುವೆಗೆ ನಾವೆಲ್ಲ ಮಾವಳ್ಳಿಗೆ ಹೋದೆವು. ಮಂಟಪದ ಹತ್ತಿರ ಅಲ್ಲದಿದ್ದರೂ ಹಿಂದಿನ ಕೋಣೆಯಲ್ಲಿ ಕೂತು ತಾಯಿ ನೋಡಬಹುದಿತ್ತು, ಅಷ್ಟಕ್ಕೆ ನಮ್ಮ ಪದ್ಧತಿಯೂ ಬಿಡುತ್ತಿತ್ತು. ಆದರೆ ಕರೆಯೋಲೆ ಬಂದಾಗಲೇ ಅವರು ಹೇಳಿ ಕಳಿಸಿದ್ದರು: ಅವಳನ್ನು ಬಿಟ್ಟು ಎಲ್ಲರೂ ಬನ್ನಿ. ಧಾರೆಯ ಮುಂಚೆ ಹೆಣ್ಣನ್ನು ಸಿಂಗರಿಸುವ ಕೋಣೆಗೆ ನಾನು ಹೋದೆ. ಏಳೆಂಟು ಹೆಂಗಸರಿದ್ದರು. ಹದಿನಾರು ವರ್ಷದ ಮದುಮಗಳು ನನ್ನನ್ನು ಕಂಡು ಕೈ ಹಿಡಿದುಕೊಂಡಳು.

"ಅಕ್ಕ, ನನ್ನ ಆಯಿಗೆ ಆ ತೊಂದ್ರೆ ಈಗಲೂ ಇದ್ದಾ?"

ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ಹೂವಿನ ದಂಡೆಯ ಹಿಂದೆ ಮುಖ ಮರೆಸಿದಳು. ಮದುಮಗಳ ಕಿವಿ ಕೆಂಪೇರಿತು, ಆದರೂ ಅವಳು ಕಣ್ಣು ತೆಗೆಯಲಿಲ್ಲ. ಹೀಟರ್ ಎಂದು ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಅಪ್ಪಯ್ಯ ಹೊರಗೆ ವರನ ತಂದೆಯ ಪಕ್ಕ ಕೂತಿದ್ದ.

"ಈಗ ಕಾರ್ ಹತ್ತದೇ ಇಲ್ಲೆ ಅತ್ತೆ," ಎಂದೆ. "ಗೊತ್ತಪ್ಪುದು ಹ್ಯಾಂಗೆ?"

ಎಲ್ಲರೂ ನಕ್ಕರು. ನಾನು ಚೆನ್ನಾಗಿ ಮಾತಾಡುತ್ತೇನೆಂದು ಆ ಕಾಲದಲ್ಲಿ ನನಗೆ ಹೆಸರಿತ್ತು. ಮದುಮಗಳೂ ನಕ್ಕಳು, ಆಮೇಲೆ ನನ್ನ ಕೈ ಬಿಟ್ಟಳು.

ಮರುದಿನ ನಾನು ಧಾರವಾಡಕ್ಕೆ ಕಾಲೇಜಿಗೆ ಹೊರಡುವವಳಿದ್ದೆ. ಸಾಮಾನು ಕಾರಿಗೇರಿತ್ತು. ಕುಮಟೆಯ ಮನೆಯ ಹಿಂದಿನ ಜಗಲಿಗೆ ಹೋದರೆ ಅತ್ತೆ ಮೊರ ಹಿಡಿದು, ನೆಲದಲ್ಲಿ ಬಟ್ಟೆ ಹಾಸಿ ಅಕ್ಕಿ ಹರಡಿ ಆರಿಸುತ್ತಿದ್ದಳು. ಮದುವೆಯ ಬಗ್ಗೆ ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ನನ್ನನ್ನು ಕೇಳಿದಳು. ಹುಡುಗ ಎತ್ತರವೋ, ಸೀರೆ ಯಾವ ಬಣ್ಣ, ಊಟಕ್ಕೆ ಎಷ್ಟು ಪಂಕ್ತಿ ಆಯಿತು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ.

"ಕೂಸು ನನ್ನ ಕೇಳಿತ್ತಾ?"

"ಕೇಳಿತ್ತು."

"ಎಂತ ಹೇಳಿ?"

"ಚಲೋ ಇದ್ದಾ ಹೇಳಿ."

ಅವಳ ಬೆರಳು ಅಕ್ಕಿಯ ನಡುವೆ ನಿಂತಿತು. "ಮತ್ತೆಂತ ಕೇಳಿತ್ತು?"

ಹೊರಗೆ ಅಪ್ಪಯ್ಯ ಹಾರನ್ ಹೊಡೆದ.

"ಅಷ್ಟೇ," ಎಂದೆ.

"ಆತು," ಎಂದಳು ಅತ್ತೆ. ನಾನು ನಮಸ್ಕಾರ ಮಾಡಲು ಬಗ್ಗಿದೆ. ಮುಟ್ಟಬಾರದಲ್ಲ, ನೆಲಕ್ಕೇ ಮಾಡಿದೆ. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಹೋಗು ಕೂಸೆ, ನಿನ್ನ ಅಪ್ಪಯ್ಯ ಕಾಯ್ತಾ ಇದ್ದ. ಅಕ್ಕಿ ತುಳಿಯಡ."

ನಾನು ಬಟ್ಟೆಯ ಅಂಚನ್ನು ಬಳಸಿಕೊಂಡು ಹೊರಗೆ ಹೋದೆ. ಆ ಮಳೆಗಾಲದಲ್ಲಿ ಅವಳು ತೀರಿಹೋದಳೆಂದು ಅಣ್ಣನ ಕಾಗದ ಹನ್ನೊಂದು ದಿನ ತಡವಾಗಿ ಹಾಸ್ಟೆಲಿಗೆ ಬಂತು. ನಾನು ಅವಳನ್ನು ನೋಡಿದ್ದು ಆ ಜಗಲಿಯಲ್ಲೇ ಕೊನೆ, ತಲೆ ತಗ್ಗಿಸಿ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಡುವಾಗ.